‘ನೆಗೆಟಿವ್ ಅಂದ್ರ ಚಲೋ ಅಲ್ರಿ ಸರ್?’: ಬಾಯಿ ಕ್ಯಾನ್ಸರ್ ವರದಿ ಓದುವ ಪಾಠ

ಕಳೆದ ವರ್ಷ ನವೆಂಬರ್‌ನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗಕ್ಕೆ ‘ಮಾನವನ ಆರೋಗ್ಯ ಮತ್ತು ರೋಗಗಳು’ ಅಧ್ಯಾಯ ನಡೆಯುತ್ತಿತ್ತು. ಕ್ಯಾನ್ಸರ್ ಭಾಗ ಮುಗಿಸಿ ಡಸ್ಟರ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಔರಾದ್ ಕಡೆಯ ಒಬ್ಬ ವಿದ್ಯಾರ್ಥಿನಿ ಮೇಜಿನ ಬಳಿ ಬಂದು ನಿಂತಳು. ಆಫೀಸಿನಿಂದ ಅನುಮತಿ ಪಡೆದು ತಂದ ಮೊಬೈಲ್‌ನಲ್ಲಿ ಒಂದು ಫೋಟೊ ಇತ್ತು.

“ಸರ್, ನಮ್ಮ ಮಾಮೂದು ಬಯಾಪ್ಸಿ ರಿಪೋರ್ಟ್ ಬಂದದ. ಪಿ16 ನೆಗೆಟಿವ್ ಅಂತ ಬರದಾರ. ನೆಗೆಟಿವ್ ಅಂದ್ರ ಚಲೋ ಅಲ್ರಿ?”

ಬೆಲ್ ಹೊಡೆದಿತ್ತು. ಮುಂದಿನ ತರಗತಿ ಕಾಯುತ್ತಿತ್ತು. ನಾನು ಫೋಟೊವನ್ನು ಸರಿಯಾಗಿ ದೊಡ್ಡದು ಮಾಡಿಯೂ ನೋಡದೆ, “ಹೌದಮ್ಮಾ, ನೆಗೆಟಿವ್ ಇದ್ರ ಚಲೋನೇ, ಚಿಂತಿ ಮಾಡಬ್ಯಾಡ” ಎಂದುಬಿಟ್ಟೆ. ಕೋವಿಡ್ ಕಾಲದಿಂದ ನಮ್ಮ ನಾಲಿಗೆಗೆ ಅಂಟಿದ ಚಟ ಅದು. ನೆಗೆಟಿವ್ ಎಂದರೆ ಶುಭ, ಪಾಸಿಟಿವ್ ಎಂದರೆ ಅಶುಭ. ಹುಡುಗಿ ಅದೇ ಮಧ್ಯಾಹ್ನ ಔರಾದ್‌ಗೆ ಫೋನ್ ಮಾಡಿದಳು. ಅವಳ ನಾನಿ ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿಬಂದರಂತೆ. ಮಾಮೂ ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಾಲೇಜಿನ ಸರ್ ಅವರೇ ಹೇಳಿದ ಮೇಲೆ ಇಷ್ಟು ಅವಸರ ಏಕೆ ಎಂದುಕೊಂಡು, ಹೈದರಾಬಾದ್‌ಗೆ ಹೋಗಿ ಆಪರೇಷನ್ ದಿನಾಂಕ ಪಡೆಯುವುದನ್ನು ‘ಸೋಯಾ ರಾಶಿಯ ಟ್ರ್ಯಾಕ್ಟರ್ ಕೆಲಸ ಮುಗಿಯಲಿ’ ಎಂದು ಮುಂದಕ್ಕೆ ಹಾಕಿದರು.

ಆ ರಾತ್ರಿ ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ಕುಳಿತಾಗ ಆ ಫೋಟೊದ ಮೊದಲ ಸಾಲು ನೆನಪಾಯಿತು. ಅದರಲ್ಲಿ ‘ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ’ ಎಂದು ಸ್ಪಷ್ಟವಾಗಿ ಇತ್ತು. ಕ್ಯಾನ್ಸರ್ ಇದೆ ಎಂದು ಮೊದಲ ಸಾಲು ಹೇಳಿದ ಮೇಲೆ ಕೊನೆಯ ಸಾಲಿನ ನೆಗೆಟಿವ್ ಅದನ್ನು ಅಳಿಸಲು ಹೇಗೆ ಸಾಧ್ಯ? ಮನೆಗೆ ಹೋಗಿ ಪುಸ್ತಕ ತೆಗೆದೆ. ನಾನು ಹೇಳಿದ್ದು ತಪ್ಪಷ್ಟೇ ಅಲ್ಲ, ಹೆಚ್ಚುಕಡಿಮೆ ತಿರುವುಮುರುವು ಆಗಿತ್ತು. ಮರುದಿನ ಬೆಳಿಗ್ಗೆ ಮೊದಲು ಆ ಹುಡುಗಿಯನ್ನು ಕರೆದು ಕ್ಷಮೆ ಕೇಳಿದೆ, ಆಮೇಲೆ ಸ್ಟಾಫ್ ರೂಮಿನಿಂದಲೇ ಅವಳ ಮಾಮೂಗೆ ಫೋನ್ ಮಾಡಿದೆ. ಈ ಲೇಖನ ಆ ದಿನದಿಂದ ನಾನು ಓದಿ ತಿಳಿದದ್ದರ ಟಿಪ್ಪಣಿ. ಪರೀಕ್ಷೆಗೆ ಇದರಲ್ಲಿ ಅರ್ಧವೂ ಬರುವುದಿಲ್ಲ. ಆದರೆ ನಿಮ್ಮಲ್ಲಿ ಯಾರ ಮನೆಗಾದರೂ ಇಂಥ ಕಾಗದ ಬಂದಾಗ ಅದನ್ನು ಓದಿ ಹೇಳುವ ಕೆಲಸ ಮನೆಯಲ್ಲಿ ವಿಜ್ಞಾನ ಓದುತ್ತಿರುವ ನಿಮ್ಮ ಪಾಲಿಗೇ ಬರುತ್ತದೆ.

ವರದಿಯಲ್ಲಿ ಏನಿತ್ತು

ಮೊದಲ ಸಾಲಿನಲ್ಲಿ ರೋಗದ ಹೆಸರು ಮತ್ತು ಜಾಗ ಇತ್ತು: ಬಲ ಕೆನ್ನೆಯ ಒಳಭಾಗ, ಕೆಳದವಡೆಯ ವಸಡು ಸೇರುವ ತಗ್ಗು. ನಮ್ಮ ಕಡೆ ಗುಟ್ಕಾ, ಜರ್ದಾ, ಸುಣ್ಣ ತಿಕ್ಕಿದ ತಂಬಾಕು ಇಟ್ಟುಕೊಳ್ಳುವುದು ಇದೇ ತಗ್ಗಿನಲ್ಲಿ. ಕೆನ್ನೆ–ವಸಡಿನ ಈ ಕ್ಯಾನ್ಸರ್ ನಮ್ಮ ದೇಶದಲ್ಲಿ ಎಷ್ಟು ಸಾಮಾನ್ಯವೆಂದರೆ ಇದಕ್ಕೆ ‘ಭಾರತೀಯ ಬಾಯಿ ಕ್ಯಾನ್ಸರ್’ ಎಂಬ ಅಡ್ಡಹೆಸರೇ ಇದೆ. 2020ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ತುಟಿ ಮತ್ತು ಬಾಯಿಯ ಕ್ಯಾನ್ಸರ್‌ನ ಹೊಸ ರೋಗಿಗಳು ಸುಮಾರು 1 ಲಕ್ಷ 36 ಸಾವಿರ, ಸತ್ತವರು ಸುಮಾರು 75 ಸಾವಿರ.

ಎರಡನೇ ಸಾಲಿನಲ್ಲಿ ಗ್ರೇಡ್, ಅಂದರೆ ಜೀವಕೋಶಗಳು ತಮ್ಮ ಮೂಲ ರೂಪದಿಂದ ಎಷ್ಟು ದೂರ ಸರಿದಿವೆ ಎಂಬ ಅಳತೆ ಇತ್ತು. ಅದರ ಕೆಳಗೆ ಮೂರು ಮಾರ್ಕರ್‌ಗಳು: ಪಿ16, ಪಿ53, ಕೆಐ-67. ಮಾರ್ಕರ್ ಎಂದರೆ ಗುರುತು. ಗೆಡ್ಡೆಯ ತೆಳ್ಳನೆಯ ಪದರವನ್ನು ಗಾಜಿನ ಸ್ಲೈಡ್ ಮೇಲಿಟ್ಟು, ಒಂದು ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯ ಹಾಕುತ್ತಾರೆ. ಆ ಪ್ರೋಟೀನ್ ಇದ್ದ ಕಡೆ ಕಂದು ಬಣ್ಣ ಮೂಡುತ್ತದೆ. ಪಾಸಿಟಿವ್ ಎಂದರೆ ಆ ಪ್ರೋಟೀನಿನ ಬಣ್ಣ ಬಂತು, ನೆಗೆಟಿವ್ ಎಂದರೆ ಬರಲಿಲ್ಲ. ಅಷ್ಟೇ ಅರ್ಥ. ಅದು ಚಲೋ ಸುದ್ದಿಯೋ ಕೆಟ್ಟ ಸುದ್ದಿಯೋ ಎಂಬುದು ಆ ಪ್ರೋಟೀನ್ ಯಾವುದು, ಅದರ ಕೆಲಸವೇನು ಎಂಬುದರ ಮೇಲೆ ಹೋಗುತ್ತದೆ.

ವೈರಸ್ಸಿನ ಕಥೆ

ಪಿ16ರ ಕಥೆ ಒಂದು ವೈರಸ್ಸಿನಿಂದ ಶುರುವಾಗುತ್ತದೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಗರ್ಭಕಂಠದ ಕ್ಯಾನ್ಸರ್‌ಗೆ ಇದೇ ಕಾರಣ ಎಂದು ತೋರಿಸಿದ ಜರ್ಮನಿಯ ಹಾರಾಲ್ಡ್ ತ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇದರಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಹೆಚ್ಚಿನವು ನರುಳಿಯಂಥ ಸಣ್ಣ ತೊಂದರೆ ಕೊಟ್ಟು ಹೋಗುತ್ತವೆ. ಆದರೆ 16ನೇ ಬಗೆ ಅಪಾಯಕಾರಿ ಬಗೆಗಳಲ್ಲಿ ಒಂದು. ಇದು ಗಂಟಲಿನ ಟಾನ್ಸಿಲ್ ಮತ್ತು ನಾಲಿಗೆಯ ಬುಡಕ್ಕೂ ಬರುತ್ತದೆ ಎಂಬುದು ಆಮೇಲೆ ತಿಳಿಯಿತು.

ವೈರಸ್ ಕ್ಯಾನ್ಸರ್ ಹೇಗೆ ಮಾಡುತ್ತದೆ? ಪ್ರಥಮ ಪಿಯುಸಿಯ ಕೋಶಚಕ್ರ ನೆನಪಿಸಿಕೊಳ್ಳಿ: ಜಿ1, ಎಸ್, ಜಿ2, ಎಂ. ಜಿ1ರಿಂದ ಎಸ್ ಹಂತಕ್ಕೆ ದಾಟುವ ಜಾಗದಲ್ಲಿ ಒಂದು ದರ್ವಾಜಾ ಇದೆ ಎಂದಿಟ್ಟುಕೊಳ್ಳಿ, ನಮ್ಮ ಕೋಟೆಯ ಶರ್ಜಾ ದರ್ವಾಜಾದ ಹಾಗೆ. ಅಲ್ಲಿ ನಿಂತ ಕಾವಲುಗಾರನ ಹೆಸರು ಆರ್‌ಬಿ ಪ್ರೋಟೀನ್. ವಿಭಜನೆಗೆ ಬೇಕಾದ ಜೀನ್‌ಗಳನ್ನು ಎಬ್ಬಿಸುವ ಇ2ಎಫ್ ಎಂಬ ಪ್ರೋಟೀನನ್ನು ಆರ್‌ಬಿ ಕೈಹಿಡಿದು ನಿಲ್ಲಿಸಿರುತ್ತದೆ. ಸಿಡಿಕೆ4, ಸಿಡಿಕೆ6 ಎಂಬ ಕಿಣ್ವಗಳು ಆರ್‌ಬಿಗೆ ಫಾಸ್ಫೇಟ್ ಅಂಟಿಸಿದಾಗ ಹಿಡಿತ ಸಡಿಲವಾಗಿ ದರ್ವಾಜಾ ತೆರೆಯುತ್ತದೆ. ಆ ಕಿಣ್ವಗಳನ್ನು ತಡೆಯುವ ಬ್ರೇಕ್ ಯಾವುದು ಗೊತ್ತೆ? ಅದೇ ಪಿ16. ಅಂದರೆ ಪಿ16 ಕ್ಯಾನ್ಸರ್ ತರುವ ಪ್ರೋಟೀನ್ ಅಲ್ಲ, ಕ್ಯಾನ್ಸರ್ ತಡೆಯುವ ಪ್ರೋಟೀನ್.

ಎಚ್‌ಪಿವಿ ಬಳಿ ಎರಡು ಆಯುಧಗಳಿವೆ, ಇ6 ಮತ್ತು ಇ7. ಇ7 ನೇರವಾಗಿ ಕಾವಲುಗಾರ ಆರ್‌ಬಿಯನ್ನೇ ಕೆಡವುತ್ತದೆ. ಆರ್‌ಬಿ ಇದ್ದಾಗ ಪಿ16 ಹೆಚ್ಚಾಗದಂತೆ ನೋಡಿಕೊಳ್ಳುತ್ತಿತ್ತು. ಈಗ ಆ ಹಿಡಿತವೂ ಹೋಯಿತು. ಜೀವಕೋಶ ಗಾಬರಿಯಾಗಿ ಪಿ16 ಅನ್ನು ರಾಶಿಗಟ್ಟಲೆ ತಯಾರಿಸುತ್ತದೆ. ಆದರೆ ಬ್ರೇಕ್ ಎಷ್ಟು ಒತ್ತಿದರೇನು, ವೈರ್ ಮುಂದೆಯೇ ತುಂಡಾಗಿದೆ! ಹೀಗೆ ತುಂಬಿಕೊಂಡ ಪಿ16 ಸ್ಲೈಡಿನ ಮೇಲೆ ದಟ್ಟ ಕಂದು ಬಣ್ಣ ಕೊಡುತ್ತದೆ. ಗೆಡ್ಡೆಯ ಶೇ. 70 ಅಥವಾ ಅದಕ್ಕೂ ಹೆಚ್ಚು ಕೋಶಗಳಲ್ಲಿ ಬಣ್ಣ ದಟ್ಟವಾಗಿ ಬಂದರೆ ಪಾಸಿಟಿವ್ ಎಂದು ಬರೆಯುತ್ತಾರೆ. ಹಾಗಾಗಿ ಗಂಟಲಿನ ಕ್ಯಾನ್ಸರ್‌ನಲ್ಲಿ ಪಿ16 ಪಾಸಿಟಿವ್ ಎಂದರೆ ‘ಇಲ್ಲಿ ವೈರಸ್ ಕೆಲಸ ಮಾಡಿದೆ’ ಎಂಬ ಹೆಜ್ಜೆಗುರುತು.

ಇ6 ಇನ್ನೊಂದು ಕೆಲಸ ಮಾಡುತ್ತದೆ. ಡಿಎನ್‌ಎ ಹಾಳಾದ ಕೋಶವನ್ನು ನಿಲ್ಲಿಸಿ ದುರಸ್ತಿ ಮಾಡಿಸುವ, ದುರಸ್ತಿ ಆಗದಿದ್ದರೆ ಸಾಯಿಸುವ ಪಿ53 ಎಂಬ ಪ್ರೋಟೀನನ್ನು ಹಿಡಿದು ಕೋಶದ ಕಸದ ಬುಟ್ಟಿಗೆ, ಅಂದರೆ ಪ್ರೋಟಿಯಸೋಮ್‌ಗೆ, ಒಯ್ದು ಹಾಕುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ವೈರಸ್ ಪಿ53 ಪ್ರೋಟೀನನ್ನು ಕಸಕ್ಕೆ ಹಾಕುತ್ತದೆಯೇ ಹೊರತು ಅದರ ಜೀನ್‌ಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ತಂಬಾಕು ಹಾಗಲ್ಲ. ತಂಬಾಕಿನ ನೈಟ್ರೋಸಮೀನ್‌ಗಳು ಡಿಎನ್‌ಎಗೇ ಅಂಟಿ ಜೀನಿನ ಅಕ್ಷರವನ್ನೇ ಬದಲಿಸುತ್ತವೆ. ಒಂದರಲ್ಲಿ ನೌಕರನನ್ನು ಕೆಲಸದಿಂದ ಹೊರಗೆ ಹಾಕಿದ್ದಾರೆ, ಇನ್ನೊಂದರಲ್ಲಿ ಹುದ್ದೆಯ ಕಡತವೇ ಸುಟ್ಟುಹೋಗಿದೆ. ಮೊದಲನೆಯದರಲ್ಲಿ ವಿಕಿರಣ ಚಿಕಿತ್ಸೆಗೆ ಗೆಡ್ಡೆ ಚೆನ್ನಾಗಿ ಬಗ್ಗುವುದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ.

ಬದುಕುಳಿಯುವ ಲೆಕ್ಕ

ಬಗ್ಗುತ್ತದೆ ಎಂದರೆ ಎಷ್ಟು? ಆಂಗ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಗಂಟಲಿನ, ಅಂದರೆ ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಭಾಗದ, ಕ್ಯಾನ್ಸರ್ ರೋಗಿಗಳನ್ನು ವೈರಸ್ ಇದ್ದವರು, ಇಲ್ಲದವರು ಎಂದು ವಿಂಗಡಿಸಿ ನೋಡಿದರು. ಮೂರು ವರ್ಷದ ಹೊತ್ತಿಗೆ ವೈರಸ್ ಇದ್ದವರಲ್ಲಿ ಶೇ. 82.4 ಜನ ಬದುಕಿದ್ದರು, ವೈರಸ್ ಇಲ್ಲದವರಲ್ಲಿ ಶೇ. 57.1. ಕ್ಯಾನ್ಸರ್ ತರುವ ವೈರಸ್ ಇದ್ದವರೇ ಹೆಚ್ಚು ಬದುಕಿದರು! ಈ ವ್ಯತ್ಯಾಸ ಎಷ್ಟು ದೊಡ್ಡದಾಗಿತ್ತೆಂದರೆ ಕ್ಯಾನ್ಸರ್ ಹಂತ ನಿರ್ಧರಿಸುವ ನಿಯಮಗಳ ಎಂಟನೇ ಆವೃತ್ತಿಯಲ್ಲಿ ಪಿ16 ಪಾಸಿಟಿವ್ ಗಂಟಲು ಕ್ಯಾನ್ಸರ್‌ಗೆ ಪ್ರತ್ಯೇಕ ಕೋಷ್ಟಕವನ್ನೇ ಮಾಡಬೇಕಾಯಿತು.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಅವರು ವೈರಸ್, ಧೂಮಪಾನ, ಗೆಡ್ಡೆಯ ಗಾತ್ರ, ಕುತ್ತಿಗೆಯ ಗ್ರಂಥಿಗಳಿಗೆ ಹರಡುವಿಕೆ ಇವನ್ನೆಲ್ಲ ಸೇರಿಸಿ ರೋಗಿಗಳನ್ನು ಮೂರು ಗುಂಪು ಮಾಡಿದರು. ಮೂರು ವರ್ಷ ಬದುಕಿದವರು ಮೊದಲ ಗುಂಪಿನಲ್ಲಿ ಶೇ. 93, ಎರಡನೆಯದರಲ್ಲಿ ಶೇ. 70.8, ಮೂರನೆಯದರಲ್ಲಿ ಶೇ. 46.2. ವೈರಸ್ ಇದ್ದರೂ ಬಹಳ ಸಿಗರೇಟು ಸೇದಿದ್ದು ಗ್ರಂಥಿಗಳಿಗೆ ಹೆಚ್ಚು ಹರಡಿದ್ದವರು ಮೊದಲ ಗುಂಪಿನಿಂದ ಜಾರಿ ಎರಡನೆಯದಕ್ಕೆ ಬಿದ್ದರು. ವೈರಸ್ ಕೊಟ್ಟ ಅನುಕೂಲವನ್ನೂ ತಂಬಾಕು ಕಿತ್ತುಕೊಂಡಿತು.

ಇಷ್ಟು ಹೇಳಿದ ಮೇಲೆ ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಸರಿಯಾಗಿತ್ತು: “ಅಂದ್ರ ಮಾಮೂಗ ನೆಗೆಟಿವ್ ಬಂದದ್ದು ಕೆಟ್ಟದ್ದೇನ್ರಿ?”

ಇಲ್ಲೇ ನಾನು ಎರಡನೇ ಸಲ ಎಡವುವವನಿದ್ದೆ. ಮೇಲಿನ ಲೆಕ್ಕವೆಲ್ಲ ಗಂಟಲಿನದು. ಮಾಮೂನ ಗೆಡ್ಡೆ ಕೆನ್ನೆಯದು. ಕನ್ನಡಿ ಮುಂದೆ ಬಾಯಿ ತೆರೆದರೆ ಕಾಣುವ ತುಟಿ, ಕೆನ್ನೆ, ವಸಡು, ನಾಲಿಗೆಯ ಮುಂದಿನ ಭಾಗ, ಗಟ್ಟಿ ಅಂಗುಳ ಇವು ಬಾಯಿ. ಅದರ ಹಿಂದಿನದು ಗಂಟಲು. ಒಂದು ಬೆರಳಿನಷ್ಟು ದೂರದ ಎರಡು ಜಾಗಗಳಲ್ಲಿ ಎರಡು ಬೇರೆ ರೋಗಗಳು. ಬಾಯಿಯ ಕ್ಯಾನ್ಸರ್‌ನಲ್ಲಿ ಎಚ್‌ಪಿವಿ ಕಾರಣವಾಗುವುದು ಸಣ್ಣ ಪಾಲಿನಲ್ಲಿ ಮಾತ್ರ. ಅಲ್ಲಿ ಪಿ16 ಬಣ್ಣ ಬಂದರೂ ಅದು ವೈರಸ್ಸಿನದೇ ಎಂದು ನಂಬುವ ಹಾಗಿಲ್ಲ, ಏಕೆಂದರೆ ಆರ್‌ಬಿ ಬೇರೆ ಕಾರಣಗಳಿಂದಲೂ ಹಾಳಾಗಬಹುದು. ಅಮೆರಿಕದ ರೋಗಶಾಸ್ತ್ರಜ್ಞರ ಸಂಘ 2018ರ ತನ್ನ ಮಾರ್ಗಸೂಚಿಯಲ್ಲಿ ಗಂಟಲಿನ ಕ್ಯಾನ್ಸರ್‌ಗೆ ಈ ಪರೀಕ್ಷೆ ಮಾಡಲೇಬೇಕು, ಬಾಯಿಯದಕ್ಕೆ ವಾಡಿಕೆಯಾಗಿ ಮಾಡಬೇಕಿಲ್ಲ ಎಂದಿದೆ. ಹಾಗಾದರೆ ಮಾಮೂಗೆ ಏಕೆ ಮಾಡಿದರು? ಗೆಡ್ಡೆ ದವಡೆಯ ಹಿಂಭಾಗದವರೆಗೆ ಹೋಗಿತ್ತು, ಅದಕ್ಕೇ ಇರಬೇಕು. ಒಟ್ಟಿನಲ್ಲಿ ಅವರ ‘ನೆಗೆಟಿವ್’ ಶುಭವೂ ಅಲ್ಲ, ಹೊಸ ಅಶುಭವೂ ಅಲ್ಲ. ಇದು ವೈರಸ್ಸಿನ ದಾರಿಯಲ್ಲಿ ಬಂದದ್ದಲ್ಲ, ಹಾಗಾಗಿ ಆ 82.4ರ ಲೆಕ್ಕ ಇವರಿಗೆ ಹಚ್ಚಬೇಡಿ ಎಂಬಷ್ಟೇ ಅದರ ಅರ್ಥ.

ಭಾರತದ ಬಾಯಿ ಕ್ಯಾನ್ಸರ್‌ಗಳಲ್ಲಿ ಎಚ್‌ಪಿವಿ ಎಷ್ಟು ಎಂಬ ಪ್ರಶ್ನೆಗೆ ಬೇರೆ ಬೇರೆ ಅಧ್ಯಯನಗಳು ಬಹಳ ಬೇರೆ ಬೇರೆ ಉತ್ತರ ಕೊಟ್ಟಿವೆ. ಇದಕ್ಕೆ ಮುಖ್ಯ ಕಾರಣ ಪರೀಕ್ಷೆಯ ವಿಧಾನ. ಪಿಸಿಆರ್ ಬಲು ಸೂಕ್ಷ್ಮ, ವೈರಸ್ಸಿನ ಡಿಎನ್‌ಎ ಚೂರು ಇದ್ದರೂ ಹಿಡಿಯುತ್ತದೆ. ಆದರೆ ಮದುವೆ ಮನೆಯಲ್ಲಿ ಕಂಡವರೆಲ್ಲ ಬೀಗರಾಗುವುದಿಲ್ಲ. ವೈರಸ್ ಅಲ್ಲಿ ಇರುವುದು ಬೇರೆ, ಅದೇ ಕ್ಯಾನ್ಸರ್ ಮಾಡಿರುವುದು ಬೇರೆ. ಇ6, ಇ7ರ ಎಂಆರ್‌ಎನ್‌ಎ ಸಿಕ್ಕರೆ ಮಾತ್ರ ವೈರಸ್ ಅಲ್ಲಿ ಕೆಲಸ ಮಾಡುತ್ತಿದೆ ಎನ್ನಬಹುದು. ಇದು ಪ್ರಾಯೋಗಿಕ ಪರೀಕ್ಷೆಯ ವೈವಾದಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ, ನಾನಂತೂ ಕೇಳುತ್ತೇನೆ.

ಇನ್ನೊಂದು ಮಾತು. ಎಚ್‌ಪಿವಿ ದೈಹಿಕ ಸಂಪರ್ಕದಿಂದ ಹರಡುವ ವೈರಸ್ ಎಂದು ಓದಿದ ಕೂಡಲೇ ಕೆಲವರು ರೋಗಿಯ ನಡತೆ ಅಳೆಯಲು ಹೊರಡುತ್ತಾರೆ. ಇದು ಬಹಳ ಸಾಮಾನ್ಯ ವೈರಸ್, ಮದುವೆಯಾದವರಿಗೂ ಬರುತ್ತದೆ, ಹತ್ತಾರು ವರ್ಷ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳಬಹುದು. ಆ ಕಾಗದ ನಡತೆ ಪ್ರಮಾಣಪತ್ರ ಅಲ್ಲ.

ನಮ್ಮ ಕೆನ್ನೆಯ ಕಥೆ

ಹಾಗಾದರೆ ಮಾಮೂನ ಕ್ಯಾನ್ಸರ್ ಯಾವ ದಾರಿಯಿಂದ ಬಂತು? ಅವರು ಹದಿನೆಂಟಕ್ಕೆ ಮೆಕ್ಯಾನಿಕ್ ಕೆಲಸ ಕಲಿಯಲು ಸೇರಿದಾಗಿನಿಂದ ಪುಡಿ ಹಾಕುತ್ತಿದ್ದರು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಏನಾಯಿತು ಎಂಬುದನ್ನು ಬೀದರ್ ಬಸ್ ಸ್ಟ್ಯಾಂಡಿನ ಯಾವ ಪಾನ್ ಡಬ್ಬಾದ ಮುಂದೆ ನಿಂತರೂ ಕಾಣಬಹುದು. ಪಾನ್ ಮಸಾಲಾ ಒಂದು ಚೀಟಿ, ಜರ್ದಾ ಇನ್ನೊಂದು ಚೀಟಿ, ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ಔರಾದ್‌ನ ಒಂದು ಪಕ್ಕ ಮಹಾರಾಷ್ಟ್ರ, ಇನ್ನೊಂದು ಪಕ್ಕ ತೆಲಂಗಾಣ, ಪುಡಿಗೆ ಗಡಿ ಎಂಬುದೇ ಇಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಬೀಡಿ–ಸಿಗರೇಟು ಸೇದುವವರು ಶೇ. 8.8, ಹೊಗೆರಹಿತ ತಂಬಾಕು ಬಳಸುವವರು ಶೇ. 16.3. ಸೇದುವವರಿಗಿಂತ ಜಗಿಯುವವರು ಹೆಚ್ಚುಕಡಿಮೆ ಎರಡು ಪಟ್ಟು.

ಹೆಂಗಸರನ್ನು ಈ ಲೆಕ್ಕದಿಂದ ಬಿಡಬೇಡಿ. ಭಾಲ್ಕಿಯಲ್ಲಿ ನನ್ನ ನಾನಿ ಬೆಳಿಗ್ಗೆ ಎದ್ದು ಮಿಶ್ರಿ ಹಚ್ಚುತ್ತಿದ್ದರು. ತಂಬಾಕನ್ನು ತವೆಯ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿ ವಸಡಿಗೆ ತಿಕ್ಕುವುದು. ‘ಇದು ನಶಾ ಅಲ್ಲ, ಹಲ್ಲಿನ ಔಷಧ’ ಎನ್ನುತ್ತಿದ್ದರು. ನಾವು ನಂಬಿದ್ದೆವು.

ಸುಣ್ಣ ಏಕೆ ಬೆರೆಸುತ್ತಾರೆ ಎಂದು ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿ. ಸುಣ್ಣ ಪ್ರತ್ಯಾಮ್ಲ, ಅದು ಪಿಎಚ್ ಏರಿಸುತ್ತದೆ. ಪಿಎಚ್ ಏರಿದಾಗ ನಿಕೋಟಿನ್ ತನ್ನ ಅಯಾನು ರೂಪ ಬಿಟ್ಟು ಮುಕ್ತ ರೂಪಕ್ಕೆ ಬರುತ್ತದೆ, ಬಾಯಿಯ ಒಳಪದರವನ್ನು ಬೇಗ ದಾಟುತ್ತದೆ. ಅದಕ್ಕೇ ‘ಕಿಕ್’ ಬೇಗ. ಅದೇ ಸುಣ್ಣ ಅಡಿಕೆಯ ಪಾಲಿಫಿನಾಲ್‌ಗಳನ್ನು ಉತ್ಕರ್ಷಿಸಿ ಡಿಎನ್‌ಎಯನ್ನು ಹಾಳುಮಾಡುವ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತದೆ. ಇನ್ನು ಅಡಿಕೆಯ ಅರೆಕೋಲಿನ್ ಕೆನ್ನೆಯ ಒಳಗಿನ ನಾರುಕೋಶಗಳಿಂದ ಕೊಲಾಜೆನ್ ಹೆಚ್ಚು ನೇಯಿಸುತ್ತದೆ. ಕೆನ್ನೆ ಬಿಗಿಯುತ್ತದೆ, ಖಾರ ತಾಳುವುದಿಲ್ಲ, ಬಾಯಿ ತೆರೆಯುವುದಿಲ್ಲ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ, ಇದು ಕ್ಯಾನ್ಸರ್‌ಗೆ ಮುಂಚಿನ ಸ್ಥಿತಿ. ತಂಬಾಕಿಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ‘ನಾನು ಸಾದಾ ಸುಪಾರಿ ಅಷ್ಟೇ ತಿಂತೀನಿ’ ಎನ್ನುವ ಗೆಳೆಯರು ಗಮನಿಸಲಿ.

ಈ ಕೆನ್ನೆ–ವಸಡಿನ ಕ್ಯಾನ್ಸರ್‌ನ ಜೀನ್‌ಗಳನ್ನು ನಮ್ಮ ದೇಶದ ವಿಜ್ಞಾನಿಗಳೇ ಓದಿ 2013ರಲ್ಲಿ ಪ್ರಕಟಿಸಿದರು. ಮತ್ತೆ ಮತ್ತೆ ಬದಲಾದ ಜೀನ್‌ಗಳಲ್ಲಿ ಪಿ53ರ ಜೀನ್ ಇದೆ, ಜೊತೆಗೆ ಕ್ಯಾಸ್ಪೇಸ್-8, ನಾಚ್-1, ಎಚ್-ರ್‍ಯಾಸ್ ಮುಂತಾದವು. ಸುಟ್ಟ ಕಡತದ ಮಾತು ನೆನಪಿದೆಯಲ್ಲ, ಇದು ಅದು. ಮಾಮೂನ ವರದಿಯಲ್ಲಿ ಪಿ53 ಬಣ್ಣ ದಟ್ಟವಾಗಿ ಬಂದಿತ್ತು. ಒಳ್ಳೆಯ ಪಿ53 ಕೋಶದಲ್ಲಿ ಬೇಗ ಕರಗಿಹೋಗುತ್ತದೆ, ಕೆಟ್ಟದ್ದು ಕರಗದೆ ಶೇಖರವಾಗುತ್ತದೆ, ಅದಕ್ಕೇ ಬಣ್ಣ ದಟ್ಟ. ಇಲ್ಲಿ ‘ಪಾಸಿಟಿವ್’ ಎಂದರೆ ಕಾವಲುಗಾರ ಇದ್ದಾನೆ ಎಂದಲ್ಲ, ಕಾವಲುಗಾರನ ವೇಷದಲ್ಲಿ ಬೇರೆ ಯಾರೋ ಕುಳಿತಿದ್ದಾರೆ ಎಂದು. ಕೆಐ-67 ಎಂಬುದು ವಿಭಜನೆಯಲ್ಲಿ ತೊಡಗಿದ ಕೋಶಗಳ ಪ್ರಮಾಣ, ಹೆಚ್ಚಿದ್ದಷ್ಟೂ ಗೆಡ್ಡೆ ಚುರುಕು. ಇವೆರಡೂ ಮುನ್ಸೂಚನೆಗೆ ಸ್ವಲ್ಪ ನೆರವಾಗುತ್ತವೆ, ಆದರೆ ಬಾಯಿ ಕ್ಯಾನ್ಸರ್‌ನಲ್ಲಿ ವೈದ್ಯರು ಇವನ್ನು ನೋಡಿ ಚಿಕಿತ್ಸೆ ಬದಲಿಸುವುದಿಲ್ಲ.

ಚಿಕಿತ್ಸೆಗೆ ದಾರಿ ತೋರಿಸುವ ಮಾರ್ಕರ್‌ಗಳೂ ಇವೆ. ಪಿಡಿ-ಎಲ್1 ಎಂಬುದು ಗೆಡ್ಡೆಯು ನಮ್ಮ ಟಿ ಕೋಶಗಳಿಗೆ ತೋರಿಸುವ ‘ಸುಮ್ಮನಿರು’ ಎಂಬ ಸನ್ನೆ. ಆ ಸನ್ನೆಯನ್ನು ತಡೆಯುವ ಔಷಧಗಳ ಬೆಲೆ ಕೇಳಿದರೆ ನಮ್ಮ ಜಿಲ್ಲೆಯ ಹೊಲ ಮಾರಬೇಕು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ವಾಡಿಕೆಯ ಡೋಸ್‌ನ ಹತ್ತನೇ ಒಂದು ಪಾಲಿಗೂ ಕಡಿಮೆ, ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಅನ್ನು ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ತಲೆ–ಕುತ್ತಿಗೆ ಕ್ಯಾನ್ಸರ್ ಬಹಳ ಮುಂದುವರಿದು, ಗುಣಪಡಿಸುವ ಚಿಕಿತ್ಸೆ ಸಾಧ್ಯವಿಲ್ಲದವರಲ್ಲಿ ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16.3ರಿಂದ 43.4ಕ್ಕೆ ಏರಿತು. ಈ ಲೇಖನಕ್ಕಾಗಿ ಓದಿದ್ದರಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಅಂಕಿ ಇದು.

ರಕ್ತದಲ್ಲಿ ‘ಕ್ಯಾನ್ಸರ್ ಮಾರ್ಕರ್ ಪ್ಯಾಕೇಜ್’ ಎಂದು ಜಾಹೀರಾತು ಬರುತ್ತದೆ. ಬಾಯಿಯ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚಲು ನಂಬಬಹುದಾದ ರಕ್ತಪರೀಕ್ಷೆ ಇಂದಿಗೂ ಇಲ್ಲ. ಟಾರ್ಚು ಸಾಕು.

ಎಲ್ಲಕ್ಕಿಂತ ದೊಡ್ಡ ಗುರುತು

ಟಾರ್ಚಿನ ಮಾತು ಹಗುರವಾಗಿ ಹೇಳಿದ್ದಲ್ಲ. ಬಾಯಿ ಕ್ಯಾನ್ಸರ್‌ನಲ್ಲಿ ಬದುಕುಳಿಯುವುದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುವ ಗುರುತು ಯಾವ ಪ್ರೋಟೀನೂ ಅಲ್ಲ, ಗೆಡ್ಡೆ ಎಷ್ಟು ಆಳಕ್ಕೆ ಹೋಗಿದೆ, ಕುತ್ತಿಗೆಯ ದುಗ್ಧಗ್ರಂಥಿಗೆ ತಲುಪಿದೆಯೇ ಎಂಬುದು. ಗ್ರಂಥಿಗೆ ತಲುಪಿದರೆ ಬದುಕುಳಿಯುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಳವನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ: 5ರೊಳಗೆ, 10ರೊಳಗೆ, 10ಕ್ಕಿಂತ ಹೆಚ್ಚು. ನಿಮ್ಮ ಸ್ಕೇಲಿನ ಮೇಲೆ ಐದು ಸಣ್ಣ ಗೆರೆ ನೋಡಿ, ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಅಷ್ಟೇ ದೂರ.

ಟಾಟಾ ಮೆಮೋರಿಯಲ್‌ನ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಶಸ್ತ್ರಚಿಕಿತ್ಸಕರ ಹಳೆಯ ಜಗಳವೊಂದನ್ನು ಬಗೆಹರಿಸಿತು. ಆರಂಭದ ಹಂತದ ಬಾಯಿ ಕ್ಯಾನ್ಸರ್, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿಲ್ಲ. ಗ್ರಂಥಿಗಳನ್ನು ಈಗಲೇ ತೆಗೆಯಬೇಕೆ, ಗಂಟು ಕಂಡಮೇಲೆ ತೆಗೆಯಬೇಕೆ? ಮೊದಲೇ ತೆಗೆದವರಲ್ಲಿ ಮೂರು ವರ್ಷದ ಹೊತ್ತಿಗೆ ಶೇ. 80 ಜನ ಬದುಕಿದ್ದರು, ಕಾದವರಲ್ಲಿ ಶೇ. 67.5. ಕೈಗೆ ಸಿಗದ ಕೋಶಗಳು ಆಗಲೇ ದಾಟಿರುತ್ತವೆ ಎಂದರ್ಥ. ಮಾಮೂಗೆ ಫೋನ್‌ನಲ್ಲಿ ನಾನು ಹೇಳಿದ್ದು ಇದೊಂದೇ ಲೆಕ್ಕ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಹಂಗಾದ್ರ ನಾಳೆನೇ ಹೋಗ್ತೀನಿ ತಗೋರಿ” ಎಂದರು. ಒಂಬತ್ತು ದಿನ ನನ್ನ ಒಂದು ಮಾತಿನಿಂದ ಹೋಗಬಹುದಿತ್ತು, ಒಂದೇ ದಿನ ಹೋಯಿತು. ಅದಕ್ಕೂ ಮುಂಚೆ ನಾಲ್ಕು ತಿಂಗಳು ಹುಣ್ಣಿಗೆ ಮುಲಾಮು ಹಚ್ಚುತ್ತಾ ಕಳೆದಿದ್ದರು. ಅದನ್ನು ಯಾರೂ ತಿರುಗಿ ಕೊಡಲಾರರು.

ಕೇರಳದ ತಿರುವನಂತಪುರದಲ್ಲಿ 1996ರಿಂದ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ಬರಿಗಣ್ಣಿನಿಂದ ನೋಡಿದರು. ಅವರು ಡಾಕ್ಟರರಲ್ಲ. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಕಡಿಮೆಯಾಯಿತು ಎಂದು 2005ರ ವರದಿ ಹೇಳಿತು. ಹಾಗಾಗಿ ನೀವು ಮನೆಯಲ್ಲಿ ಅಬ್ಬಾ, ಚಾಚಾ, ನಾನಿ ಅವರ ಬಾಯಿ ನೋಡಬಹುದು. ಒರೆಸಿದರೆ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಮೂರು ವಾರಕ್ಕೂ ಮಾಯದ ಹುಣ್ಣು, ಮೂರು ಬೆರಳು ಉದ್ದಕ್ಕೆ ನಿಲ್ಲಿಸಿದರೆ ಹೋಗದ ಬಾಯಿ, ಕುತ್ತಿಗೆಯ ಗಂಟು. ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ, ಮೊದಮೊದಲು ನೋಯುವುದೇ ಇಲ್ಲ. ಕಂಡರೆ ಭಾಲ್ಕಿ, ಔರಾದ್ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ, ಬೀದರ್‌ನ ಬ್ರಿಮ್ಸ್. ಬಯಾಪ್ಸಿ ನಂತರ ಕಲಬುರಗಿಯ ಕಿದ್ವಾಯಿ ಘಟಕ, ಇಲ್ಲವೇ ಹೈದರಾಬಾದ್‌ನ ಎಂಎನ್‌ಜೆ ಸರಕಾರಿ ಆಸ್ಪತ್ರೆ. ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಬಗ್ಗೆ ಮೊದಲೇ ವಿಚಾರಿಸಿ. ಚಟ ಬಿಡಲು ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ.

ಮಾಮೂಗೆ ಆಪರೇಷನ್ ಆಯಿತು. ಕುತ್ತಿಗೆಯಿಂದ ತೆಗೆದ ಗ್ರಂಥಿಗಳಲ್ಲಿ ಎರಡರಲ್ಲಿ ಕ್ಯಾನ್ಸರ್ ಸಿಕ್ಕಿತು, ಹಾಗಾಗಿ ಆರು ವಾರ ವಿಕಿರಣ ಚಿಕಿತ್ಸೆಯೂ ಆಯಿತು. ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆ ಹುಡುಗಿ ನನ್ನಿಂದ ಬದುಕುಳಿಯುವಿಕೆಯ ನಕ್ಷೆ ಕೇಳಿ ತೆಗೆದುಕೊಂಡಳು. ಕಪ್ಲಾನ್ ಮತ್ತು ಮೇಯರ್ ಎಂಬಿಬ್ಬರು 1958ರಲ್ಲಿ ಹೇಳಿಕೊಟ್ಟ ನಕ್ಷೆ ಅದು, ಮೆಟ್ಟಿಲಿನಂತೆ ಇಳಿಯುತ್ತದೆ. ಪ್ರತಿ ಮೆಟ್ಟಿಲು ಒಂದು ಸಾವು. ನಡುವೆ ಅಲ್ಲಲ್ಲಿ ಸಣ್ಣ ಅಡ್ಡಗೆರೆಗಳಿರುತ್ತವೆ. ಇವು ಕೊನೆಯ ಸಲ ಆಸ್ಪತ್ರೆಗೆ ಬಂದಾಗ ಬದುಕಿದ್ದವರು, ಆಮೇಲಿನ ಸುದ್ದಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

“ಇದರಾಗ ಮಾಮೂ ಎಲ್ಲಿ ಅದಾರ್ರಿ ಸರ್?” ಎಂದು ಕೇಳಿದಳು.

ನೂರು ಜನರ ನಕ್ಷೆ ಒಬ್ಬರ ಭವಿಷ್ಯ ಹೇಳುವುದಿಲ್ಲಮ್ಮಾ, ಸದ್ಯಕ್ಕೆ ಅವರು ಒಂದು ಅಡ್ಡಗೆರೆ ಎಂದೆ. ಅವಳು ಪೆನ್ಸಿಲ್‌ನಿಂದ ಹದಿನಾಲ್ಕನೇ ತಿಂಗಳ ಮೇಲೆ ಒಂದು ಗೆರೆ ಎಳೆದುಕೊಂಡಳು. ಮುಂದಿನ ತಪಾಸಣೆ ಇದೇ ತಿಂಗಳ ಕೊನೆಗೆ ಇದೆ. ಬೆಳಿಗ್ಗೆ ಔರಾದ್‌ನಿಂದ ಬೀದರ್‌ಗೆ ಒಂದು ಬಸ್, ಇಲ್ಲಿಂದ ಹೈದರಾಬಾದ್‌ಗೆ ಇನ್ನೊಂದು. ಬಾಯಿ ಈಗ ಎರಡು ಬೆರಳಷ್ಟು ತೆರೆಯುತ್ತದಂತೆ.